ಬಡಿದು ನೋಡಿದ ಕಲ್ಲು

ನಮ್ಮ ಗುರುಲಿಂಗಪ್ಪ ಕಾಕಾನಿಗೆ ಯಾವುದನ್ನೂ ಬಡಿದು ನೋಡದೆ ಸಮಾಧಾನವಿಲ್ಲ. ಸಂತೆಗೆ ಹೋದರೆ ಮಡಕೆ ಬಡಿಯುತ್ತಾನೆ, ತೆಂಗಿನಕಾಯಿ ಬಡಿಯುತ್ತಾನೆ, ಬೀಗರ ಮನೆಯಲ್ಲಿ ಚಹಾ ಕುಡಿಯುತ್ತ ಮಾತಾಡುವಾಗಲೂ ಅವನ ಬಲಗೈ ಹಿಂದಿನ ಗೋಡೆಯನ್ನು ಮೆಲ್ಲಗೆ ಬಡಿಯುತ್ತಿರುತ್ತದೆ. ನನಗೆ ಚಿತ್ತಾಪುರದ ಸಂಬಂಧ ಬಂದಾಗ ಹುಡುಗನ ಮನೆ ನೋಡಲು ಇವನನ್ನೇ ಕಳಿಸಿದ್ದರು. ಬಂದವನು, "ಮನಿ ಗಟ್ಟಿ ಅದವ್ವಾ. ಹುಡುಗನ್ನ ನೀನೇ ನೋಡ್ಕೋ" ಅಂದಿದ್ದ. ಇಪ್ಪತ್ತು ವರ್ಷದ ಮೇಲೆ ಹೇಳುತ್ತೇನೆ, ಎರಡೂ ಗಟ್ಟಿಯೇ ಇವೆ.

ನಾನು ಅವನ ಅಣ್ಣನ ಮಗಳು, ಶಿವರಂಜನಿ. ತವರೂರಿನ ಹೈಸ್ಕೂಲಿನಲ್ಲೇ ಕನ್ನಡ ಕಲಿಸುತ್ತೇನೆ. ಕಾಕಾ ನನ್ನನ್ನು ಮನೆಯಲ್ಲಿ ರಂಜು ಅನ್ನುತ್ತಾನೆ, ಸಿಟ್ಟು ಬಂದಾಗ ಮೇಡಮ್ಮ ಅನ್ನುತ್ತಾನೆ. ಅವನ ಬಗ್ಗೆ ಬರೆಯುವೆನೆಂದು ಹೇಳಿದಾಗ, "ಬರಿ, ಆದ್ರ ಹೊಗಳಬ್ಯಾಡ" ಅಂದ. ಹೊಗಳುವ ಚಟ ನನಗೂ ಇಲ್ಲ.

ನಮ್ಮೂರು ಶಹಾಬಾದ ಬಳಿಯ ಭಂಕೂರಿಗೆ ಎರಡು ಮೈಲು. ನೆಲ ಕೆದರಿದರೆ ಸಾಕು, ಇಲ್ಲಿ ಹಾಳೆ ಹಾಳೆಯಾಗಿ ಕಲ್ಲು ಸಿಗುತ್ತದೆ. ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ ಕಲ್ಲು ಇದೇ. ಕಾಕಾನಿಗೆ ಸ್ಟೇಷನ್ ರಸ್ತೆಯಲ್ಲಿ ಒಂದು ವಖಾರಿ ಇತ್ತು. ವಖಾರಿ ಅಂದರೆ ಅಂಥ ದೊಡ್ಡ ಸಂಗತಿಯೇನಲ್ಲ, ಒಂದು ಬಯಲು, ಒಂದು ತಗಡಿನ ಕೋಣೆ, ಬಯಲ ತುಂಬ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಫರ್ಸಿಗಳು, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಗಳು. ಖಣಿಯಿಂದ ಬಂದ ಪ್ರತಿ ಫರ್ಸಿಯನ್ನೂ ಕಾಕಾ ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತಿದ್ದ. ಒಳ್ಳೆಯ ಕಲ್ಲು ಟಣ್ ಅನ್ನುತ್ತದೆ. ಒಳಗೆ ಸೀಳು ಬಿಟ್ಟ ಕಲ್ಲು, ಹೊರಗೆ ಎಷ್ಟೇ ನುಣುಪಾಗಿರಲಿ, ಡಬ್ ಅನ್ನುತ್ತದೆ. ಕಣ್ಣಿಗೆ ಕಾಣದ್ದು ಕಿವಿಗೆ ಸಿಗುತ್ತದೆ, ವಿದ್ಯೆ ಇಷ್ಟೇ.

ಡಬ್ ಅಂದ ಕಲ್ಲನ್ನು ಕಾಕಾ ನಿಂತ ಕಾಲಮೇಲೆ ಸುತ್ತಿಗೆಯಿಂದ ಒಡೆದು ಚೂರು ಮಾಡುತ್ತಿದ್ದ. ಮಾರುವುದಿಲ್ಲ, ಮೂಲೆಗಿಡುವುದಿಲ್ಲ, ಹಿಂದೆ ಕಳಿಸುವುದೂ ಇಲ್ಲ. ಬೇರೆ ವ್ಯಾಪಾರಿಗಳು ನಗುತ್ತಿದ್ದರು. ದನದ ಕೊಟ್ಟಿಗೆಗೋ ಬಚ್ಚಲಿಗೋ ಅಂತ ಅಂಥ ಕಲ್ಲೂ ಅಗ್ಗಕ್ಕೆ ಹೋಗುತ್ತದೆ, ಈ ಮನುಷ್ಯನಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಆದರೆ ಸೇಡಂ, ವಾಡಿ, ಚಿಂಚೋಳಿಯ ತನಕ ಮಾತು ಹಬ್ಬಿತ್ತು. "ಗುರುಲಿಂಗಪ್ಪ ಸಾವ್ಕಾರ್ರ ಕಲ್ಲಾ? ಕಣ್ಣ ಮುಚ್ಚಿ ಹಾಕಸ್ರಿ." ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಊರಲ್ಲಿ ಮನೆ ಕಟ್ಟಿಸುವಾಗ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಈ ಒಳ್ಳೆಯ ಹೆಸರೇ ಮುಂದೆ ಅವನನ್ನು ರಾಜಕೀಯಕ್ಕೆ ತಳ್ಳಿತು. ಐದು ವರ್ಷದ ಹಿಂದೆ ಪಂಚಾಯಿತಿ ಚುನಾವಣೆ ಬಂದಾಗ ಕಾಕಾ ತಾನಾಗಿಯೇ ಅರ್ಜಿ ಹಾಕಿದ್ದು ನೋಡಿ ಮನೆಯವರೆಲ್ಲ ಬೆಪ್ಪಾದೆವು. ಅರವತ್ತರ ಹೊಸ್ತಿಲಲ್ಲಿ ನಿಂತವನು, ಸಭೆಯಲ್ಲಿ ಎರಡು ಮಾತಾಡಲು ಬಾರದವನು. ಅವನ ಹೆಂಡತಿ ಲಲಿತಾಬಾಯಿ ಕಾಕು ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ತಾನೇ ಮಹಾದ್ವಾರದ ಓಣಿಯ ಮನೆಮನೆಗೆ ಚೀಟಿ ಹಂಚಲು ಹೊರಟಳು.

ಪ್ರಚಾರ ನೋಡಬೇಕಿತ್ತು ನೀವು. ಉಳಿದವರು ಚಂದ್ರನನ್ನೇ ಇಳಿಸಿ ತರುವ ಮಾತಾಡುತ್ತಿದ್ದರು. ಕಾಕಾ ಹಳೆಯ ಟಿವಿಎಸ್ ಗಾಡಿ ನಿಲ್ಲಿಸಿ, ಕೈ ಮುಗಿದು, ಸುಮ್ಮನೆ ನಿಲ್ಲುತ್ತಿದ್ದ. "ಆರಿಸಿ ಬಂದ್ರ ನಮ್ಮ ಓಣಿಗಿ ಗಟಾರ ಮಾಡಸ್ತೀರೇನ್ರಿ?" ಅಂತ ಯಾರಾದರೂ ಕೇಳಿದರೆ, "ನೋಡಿ ಹೇಳ್ತೀನ್ರಿ" ಅನ್ನುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

"ಕಾಕಾ, ಹೂಂ ಅನ್ನಾಕ ನಿಂದೇನ ಹೋಗ್ತದ?"

"ಆಗ್ತದೋ ಇಲ್ಲೋ ಗೊತ್ತಿಲ್ದ ಹೂಂ ಅಂತ ಹ್ಯಾಂಗ ಅನ್ಲಿ, ಮೇಡಮ್ಮ?"

ಒಂಬತ್ತು ಮತದಿಂದ ಗೆದ್ದ. ಎರಡೂವರೆ ವರ್ಷ ಸದಸ್ಯನಾಗಿ ಹಿಂದಿನ ಕುರ್ಚಿಯಲ್ಲಿ ಕೂತ. ಆಮೇಲೆ ಎರಡು ಗುಂಪುಗಳು ತಮ್ಮತಮ್ಮಲ್ಲಿ ಕಿತ್ತಾಡಿ, ಯಾರಿಗೂ ತೊಂದರೆ ಕೊಡದ ಮನುಷ್ಯ ಅಂತ ಇವನನ್ನು ಅಧ್ಯಕ್ಷನನ್ನಾಗಿ ಮಾಡಿದವು. ಅಲ್ಲೇ ಅವರು ಮೋಸ ಹೋದದ್ದು. ಕುರ್ಚಿಯ ಮೇಲೆ ಕೂತ ಮೊದಲ ವಾರವೇ ಕಾಕಾ ಪಿಡಿಓ ಸುರೇಶಕುಮಾರರ ಮುಂದೆ ಒಂದೇ ಹಟ ಹಿಡಿದ. ಊರಿಗೆ ಕೂಸಿನ ಮನೆ ಬೇಕು. ಕೂಲಿಗೆ ಹೋಗುವ ತಾಯಂದಿರು ಹಗಲಿಡೀ ಮಕ್ಕಳನ್ನು ಬಿಡುವ ಮನೆ, ಅದೂ ಸರಕಾರದ ಉದ್ಯೋಗ ಖಾತ್ರಿ ಕೆಲಸದವರಿಗೆ ಮಾತ್ರವಲ್ಲ, ಕಲ್ಲಿನ ಕೆಲಸದ ಹೆಣ್ಣುಮಕ್ಕಳಿಗೂ.

"ಅಧ್ಯಕ್ಷರ, ಮೊದ್ಲ ಬಸ್ ಸ್ಟ್ಯಾಂಡಿಂದು ನೋಡೋಣ್ರಿ. ಜನರ ಕಣ್ಣಿಗಿ ಬೀಳ್ತದ," ಅಂದರು ಸುರೇಶಕುಮಾರ.

"ಕಣ್ಣಿಗಿ ಬೀಳೋದು ಆಮ್ಯಾಲ ಮಾಡೋಣ್ರಿ," ಅಂದ ಕಾಕಾ.

ಆ ಹಟದ ಹಿಂದೆ ಏನಿತ್ತೆಂದು ನನಗೆ ತಿಳಿದದ್ದು ಹೋದ ವರ್ಷ, ದೀಪಾವಳಿಗೆ ಹದಿನೈದು ದಿನ ಇರುವಾಗ. ಹಳೆಯ ಶಾಲೆಯ ಒಂದು ಕೋಣೆ ರಿಪೇರಿಯಾಗಿ ಕೂಸಿನ ಮನೆ ಆಗುವುದರಲ್ಲಿತ್ತು. ಉದ್ಘಾಟನೆಗೆ ಭಾಷಣ ಬರೆದುಕೊಡಲು ಕಾಕಾ ನನ್ನನ್ನು ಮಧ್ಯಾಹ್ನ ಊಟಕ್ಕೆ ಕರೆದ. ಕಾಕು ರೊಟ್ಟಿ ಬಡಿಯುತ್ತಿದ್ದಳು. ನಾನು ಎರಡು ಹಾಳೆ ಬರೆದು ಓದಿದೆ. ಕಾಕಾ ಕೇಳಿ ಮುಗಿಸಿ, "ಇದ್ರಾಗ ಒಂದು ಮಾತ ಸೇರ್ಸು. ಜಯಮಾಲಾನ ಕಾಲು ಹೋಗಿದ್ದು ನನ್ನಿಂದ ಅಂತ ಬರಿ" ಅಂದ.

ಜಯಮಾಲಾ ಅಂಬುಬಾಯಿಯ ಮಗಳು. ಅಂಬುಬಾಯಿ ಕಾಗಿಣಾ ನದಿಯ ದಂಡೆಯ ಊರಿನಿಂದ ಲಗ್ನವಾಗಿ ಇಲ್ಲಿಗೆ ಬಂದವಳು, ಇಪ್ಪತ್ತು ವರ್ಷ ಕಾಕಾನ ವಖಾರಿಯಲ್ಲಿ ಕಲ್ಲು ಹೊತ್ತವಳು. ಜಯಮಾಲಾ ಎಂಟು ತಿಂಗಳ ಕೂಸಾಗಿದ್ದಾಗ ವಖಾರಿಯಲ್ಲಿ ಫರ್ಸಿ ಬಿದ್ದು ಅವಳ ಎಡಪಾದ ಜಜ್ಜಿಹೋಗಿತ್ತು. ಊರಿಗೆಲ್ಲ ಗೊತ್ತಿದ್ದ ಕಥೆ ಇದು. ಕಾಕಾ ತಾನೇ ಕೂಸನ್ನು ಎತ್ತಿಕೊಂಡು ಕಲಬುರ್ಗಿಯ ದವಾಖಾನೆಗೆ ಓಡಿದ್ದು, ತಿಂಗಳುಗಟ್ಟಲೆ ಖರ್ಚು ನೋಡಿಕೊಂಡದ್ದು, ಆಮೇಲೆ ಅವಳನ್ನು ಎಸ್ಸೆಸ್ಸೆಲ್ಸಿ ತನಕ ಓದಿಸಿದ್ದು, ಇದೂ ಗೊತ್ತಿದ್ದದ್ದೇ. ಗೊತ್ತಿಲ್ಲದ್ದನ್ನು ಕಾಕಾ ಅವತ್ತು ರೊಟ್ಟಿಯ ತಾಟು ಪಕ್ಕಕ್ಕೆ ಸರಿಸಿ ಹೇಳಿದ.

ಮೂವತ್ತೊಂದು ವರ್ಷದ ಹಿಂದಿನ ಬ್ಯಾಸಗಿ. ಐದು ಅಡಿಯ ಒಂದು ಫರ್ಸಿ ಬಂದಿತ್ತು. ನೀಲಿ ಬಣ್ಣ, ಒಂದು ಗೀರೂ ಇಲ್ಲ. ಬಡಿದರೆ ಡಬ್ ಅಂದಿತು. ಒಡೆಯಲು ಮನಸ್ಸಾಗಲಿಲ್ಲ. ಯಾರಾದರೂ ಕೊಟ್ಟಿಗೆಗೆ ಒಯ್ದಾರು, ಇಲ್ಲವೆಂದರೆ ನಾಳೆ ಒಡೆದರಾಯಿತು ಅಂತ ಮೂಲೆಯ ಎರಡು ಕಲ್ಲುಕಂಬಕ್ಕೆ ಒರಗಿಸಿಟ್ಟ. ಮರುದಿನ ಲಾರಿ ಬಂತು, ಮರೆತ. ಆ ವಖಾರಿಯಲ್ಲಿ ನೆರಳಿಗೆ ಒಂದು ಗಿಡಮರ ಇರಲಿಲ್ಲ. ಕೂಲಿಯ ಹೆಣ್ಣುಮಕ್ಕಳು ಕೂಸುಗಳನ್ನು ನಿಲ್ಲಿಸಿದ ಫರ್ಸಿಗಳ ನೆರಳಿನಲ್ಲೇ ಮಲಗಿಸುತ್ತಿದ್ದರು, ಈಗಲೂ ಎಷ್ಟೋ ಕಡೆ ಹಾಗೇ ಮಲಗಿಸುತ್ತಾರೆ. ಮೂರನೆಯ ದಿನ ಮಧ್ಯಾಹ್ನದ ಬಿಸಿಲಿಗೆ ಆ ಕಲ್ಲು ಸೀಳು ಇದ್ದಲ್ಲಿಂದ ಬಿಟ್ಟಿತು. ಅರ್ಧ ಭಾಗ ಜಾರಿ ಕೂಸಿನ ಪಾದದ ಮೇಲೆ ಬಿತ್ತು.

"ಎಲ್ಲಾರೂ ಕಲ್ಲಿನ ಹಣೇಬರ ಅಂದ್ರು. ನನಗಷ್ಟ ಗೊತ್ತಿತ್ತು," ಅಂದ ಕಾಕಾ. "ಅವತ್ತಿಂದ ಡಬ್ ಅಂದ ಕಲ್ಲು ಇಟ್ಕೊಂಡಿಲ್ಲ. ಜನ ನನಗ ಭಾಳ ಪ್ರಾಮಾಣಿಕ ಅಂದ್ರು. ಅದ ಹೆಸರಿನ ಮ್ಯಾಲ ಓಟು ಹಾಕಿದ್ರು."

ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಹೆದರಿಕೆ. ಜಯಮಾಲಾ ನನ್ನ ಹಳೆಯ ವಿದ್ಯಾರ್ಥಿನಿ, ಅದೇ ಕೂಸಿನ ಮನೆಗೆ ಆಯಾ ಅಂತ ತರಬೇತಿ ಮುಗಿಸಿ ಬಂದವಳು, ಹತ್ತು ತಿಂಗಳ ಮಗಳನ್ನೂ ಅಲ್ಲೇ ಬಿಡುವವಳು. ಇದು ಕೇಳಿದರೆ ಅವಳು ಆ ಕೋಣೆಯ ಹೊಸ್ತಿಲು ತುಳಿಯುತ್ತಾಳೆಯೇ?

"ಹೇಳಬ್ಯಾಡ," ಅಂದೆ. "ನಿನ್ನ ಎದಿ ಹಗುರ ಮಾಡ್ಕೊಳ್ಳಾಕ ಆ ಭಾರ ಅವ್ರ ಮ್ಯಾಲ ಯಾಕ ಹಾಕ್ತಿ? ಇಷ್ಟು ವರ್ಷ ಮಾಡೀದಲ್ಲ ಅವ್ರಿಗಿ, ಸಾಕು."

"ಅಂಬುಬಾಯಿ ನನ್ನ ಕಂಡಾಗೊಮ್ಮಿ ಕೈ ಮುಗೀತಾಳ, ರಂಜು. ಮೂವತ್ತೊಂದು ವರ್ಷ ಆತು. ಅದನ್ನ ಇನ್ನ ತಡಕೊಳ್ಳಾಕ ಆಗವಲ್ದು."

ಒಲೆಯ ಮುಂದಿನಿಂದ ಕಾಕು ತಿರುಗಿ ನೋಡಲಿಲ್ಲ. "ಹೇಳ್ಲಿ ಬಿಡು," ಅಂದಳು. "ನಿದ್ದ್ಯಾಗೂ ಗೋಡಿ ಬಡೀತಾರ. ಏನೋ ಅದ ಅಂತ ನನಗ ಯಾವಾಗೋ ಗೊತ್ತು." ನಾನು ಎದ್ದು ಬಂದೆ. ಆ ಮಾತನ್ನು ಭಾಷಣದಲ್ಲಿ ಸೇರಿಸಲಿಲ್ಲ. ಅಷ್ಟು ಜನರ ನಡುವೆ, ಮೈಕಿನಲ್ಲಿ, ಅಂಬುಬಾಯಿಯ ಮಗಳ ಕಾಲಿನ ಮಾತನ್ನು ಎತ್ತಬಾರದು ಅನ್ನುವುದರಲ್ಲಿ ಮಾತ್ರ ನನ್ನ ತಪ್ಪಿರಲಿಲ್ಲ ಅಂತ ಈಗಲೂ ಅಂದುಕೊಳ್ಳುತ್ತೇನೆ.

ಉದ್ಘಾಟನೆಗೆ ನಾಲ್ಕು ದಿನ ಮೊದಲು ಆ ಕೋಣೆಗೆ ನೆಲ ಹಾಸುವ ಕೆಲಸ ನಡೆದಿತ್ತು. ಟೈಲ್ಸ್ ಹಾಕಿಸುವೆ ಅಂದ ಗುತ್ತಿಗೆದಾರನ ಮೇಲೆ ಕಾಕಾ ಹರಿಹಾಯ್ದಿದ್ದ. ಕಲ್ಲಿನ ಊರಲ್ಲಿ ಮಕ್ಕಳು ಟೈಲ್ಸ್ ಮೇಲೆ ಜಾರಿ ಬೀಳಬೇಕೇನು? ಫರ್ಸಿಗಳನ್ನು ತಾನೇ ಆರಿಸಿ ತಂದಿದ್ದ, ಲಾರಿಯ ಕುಲುಕಾಟಕ್ಕೆ ಒಳಗೆ ಸೀಳು ಬಿಡುವುದುಂಟು ಅಂತ ಹಾಸುವ ಮೊದಲು ಇನ್ನೊಮ್ಮೆ ಬಡಿದು ನೋಡುತ್ತಿದ್ದ. ಸಂಜೆ ನಾಲ್ಕರ ಹೊತ್ತಿಗೆ ಶಾಲೆ ಬಿಟ್ಟು ನಾನು ಅತ್ತ ಹೋದೆ. ಕೆಲಸದವರು ಚಹಾಕ್ಕೆ ಹೋಗಿದ್ದರು. ಅಂಬುಬಾಯಿ ಒಬ್ಬಳೇ ಮೂಲೆಯಲ್ಲಿ ಕೂತು ಹಾಸಿದ ಕಲ್ಲಿನ ಮೇಲಿನ ಸಿಮೆಂಟು ಒರೆಸುತ್ತಿದ್ದಳು. ಮಗಳ ಕೆಲಸದ ಜಾಗ ಅಂತ ಯಾರೂ ಕರೆಯದೆ ತಾನೇ ಬಂದಿದ್ದಳು. ಅಷ್ಟರಲ್ಲಿ ಒಳಗೆ ಬಂದ ಕಾಕಾನನ್ನು ಕಂಡು ಎಂದಿನಂತೆ ಎರಡೂ ಕೈ ಎತ್ತಿ ಮುಗಿದಳು. ಕಾಕಾ ಮುಖ ಆ ಕಡೆ ಮಾಡಿ, ಗೋಡೆಗೆ ಒರಗಿಸಿದ್ದ, ಇನ್ನೂ ಹಾಸಬೇಕಾದ ಫರ್ಸಿಗಳನ್ನು ಒಂದೊಂದಾಗಿ ಬಡಿಯತೊಡಗಿದ. ಟಣ್. ಟಣ್. ಟಣ್. ಆರನೆಯದೋ ಏಳನೆಯದೋ ಕಲ್ಲಿಗೆ ಅವನ ಗೆಣ್ಣು ತಾಗಿದ್ದೇ ತಡ, ಅವನು ಬಾಯಿ ಬಿಡುವ ಮೊದಲೇ ಮೂಲೆಯಿಂದ ಮಾತು ಬಂತು.

"ಅದು ಒಳಗ ಬಿಟ್ಟದ್ರಿ, ಸಾವ್ಕಾರ್ರ. ತೆಗೀರಿ ಅದನ್ನ."

ಕಾಕಾನ ಕೈ ಅಲ್ಲೇ ನಿಂತಿತು. "ನಿನಗ ಹ್ಯಾಂಗ ಗೊತ್ತಾತು?"

ಅಂಬುಬಾಯಿ ನಕ್ಕಳು. "ಇಪ್ಪತ್ತು ವರ್ಷ ಹೊತ್ತೀನಲ್ರಿ. ತಲಿ ಮ್ಯಾಲ ಇಟ್ಕೊಳ್ಳೋ ಕಲ್ಲು ಬಡದು ನೋಡ್ದ ಹ್ಯಾಂಗ ಇಟ್ಕೋತಾರ್ರಿ? ನಾವೆಲ್ಲಾ ಹೆಣ್ಮಕ್ಕಳು ನೋಡ್ತಿದ್ವಿ."

ಕಾಕಾ ನೆಲದ ಮೇಲೆ ಕೂತುಬಿಟ್ಟ. ಈ ವಿದ್ಯೆ ತನಗೊಬ್ಬನಿಗೇ ಬರುತ್ತದೆ ಅಂತ ಅವನು ಜೀವನವಿಡೀ ನಂಬಿದ್ದ. ನಾನೂ ನಂಬಿದ್ದೆ. ಕಲ್ಲು ಮಾರುವವನ ಕಿವಿಯ ಬಗ್ಗೆ ಇಷ್ಟು ಮಾತಾಡಿದ ನಾವು ಯಾರೂ ಕಲ್ಲು ಹೊರುವವರ ಕಿವಿಯ ಬಗ್ಗೆ ಯೋಚಿಸಿರಲಿಲ್ಲ.

"ಅಂಬುಬಾಯಿ," ಅಂದ. "ಅವತ್ತಿನ ಕಲ್ಲು... ಅದೂ ಒಳಗ ಬಿಟ್ಟಿತ್ತು. ನನಗ ಗೊತ್ತಿತ್ತು. ಗೊತ್ತಿದ್ದೂ ಒಡೀಲಿಲ್ಲ."

ಅವಳ ಕೈಯ ಬಟ್ಟೆ ಒರೆಸುವುದನ್ನು ನಿಲ್ಲಿಸಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಬೈದರೆ ಬೈಯಲಿ, ಎದ್ದು ಹೋಗದಿರಲಿ ಅಂತ ಬೇಡಿಕೊಂಡೆ. ಅವಳು ಆ ಒರಗಿಸಿದ ಕಲ್ಲಿನ ಕಡೆ ನೋಡಿದಳು.

"ನನಗೂ ಗೊತ್ತಿತ್ರಿ," ಅಂದಳು.

ಕಾಕಾ ತಲೆ ಎತ್ತಿದ.

"ಕೂಸಿನ್ನ ಮಲಗಸೋಕಿಂತ ಮೊದ್ಲ ಬಡದು ನೋಡೀದ್ದೆ. ಡಬ್ ಅಂತು. ಉಳದ ಕಲ್ಲಿನ ನೆಳ್ಳೆಲ್ಲಾ ಬ್ಯಾರೆ ಹೆಣ್ಮಕ್ಕಳ ಕೂಸುಗೋಳು ಹಿಡಿದಿದ್ವು. ಬಿಸ್ಲ ಹಂಗಿತ್ತು. ಸಂಜೀತನ ಹಿಡೀತದ ಬಿಡು ಅಂದ್ಕೊಂಡೆ." ಅವಳ ಧ್ವನಿ ಅಲ್ಲಿಯವರೆಗೆ ನೆಟ್ಟಗಿತ್ತು, ಈಗ ಒಡೆಯಿತು. "ನಿಮಗ ಕೈ ಯಾಕ ಮುಗೀತಿದ್ದೆ ಅಂತ ಮಾಡೀರಿ? ಹೆದರಿ ಮುಗೀತಿದ್ದೆ. ಇವತ್ತೋ ನಾಳಿಯೋ ನೀವು ಕೇಳ್ತೀರಿ, ಬಡದು ನೋಡ್ಲಿಲ್ಲೇನವ್ವಾ ಅಂತ. ನಾ ಏನ ಹೇಳ್ಲಿ? ಹೆತ್ತಾಕಿ ನಾನು."

ಕಾಕಾ ಅತ್ತ. ಅವನ ತಾಯಿ ತೀರಿಕೊಂಡಾಗಲೂ ಅಳದ ಮನುಷ್ಯ, ಹೆಗಲ ಮೇಲಿನ ವಲ್ಲಿ ಬಾಯಿಗೆ ಒತ್ತಿಕೊಂಡು ಅತ್ತ. ಅಂಬುಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ಅಳಬ್ಯಾಡ್ರಿ, ಸಾವ್ಕಾರ್ರ. ನೆಳ್ಳ ಇರ್ಲಿಲ್ಲ, ಅಷ್ಟ," ಅಂದಳು. ಇಬ್ಬರೂ ಒಂದೇ ಕಲ್ಲನ್ನು ಬೇರೆ ಬೇರೆ ಮನೆಯಲ್ಲಿ ಮೂವತ್ತೊಂದು ವರ್ಷ ಹೊತ್ತಿದ್ದರು. ನಾನೂ ಅಲ್ಲೇ ಹೊಸ್ತಿಲ ಮೇಲೆ ಕೂತೆ.

"ಜಯಮಾಲಾಗ ಹೇಳೀದಿ?" ಅಂತ ಕಾಕಾ ಕೇಳಿದ.

"ಇಲ್ರಿ."

"ಹೇಳಬೇಕಲ್ಲ."

"ಹೇಳಬೇಕ್ರಿ. ಇಬ್ರೂ ಕೂಡಿ ಹೇಳೋಣ. ಒಬ್ಬಾಕಿ ಕೈಲಿ ಆಗೂದಿಲ್ಲ."

ಮರುದಿನ ಬೆಳಿಗ್ಗೆ ಇಬ್ಬರೂ ಜಯಮಾಲಾಳ ಮನೆಗೆ ಹೋದರು. ನನ್ನನ್ನೂ ಜೊತೆಗೆ ಕರೆದರು, ಧೈರ್ಯಕ್ಕೆ. ಜಯಮಾಲಾ ಮಗಳಿಗೆ ಎಣ್ಣೆ ಹಚ್ಚುತ್ತಿದ್ದಳು. ಅವಳ ಗಂಡ ಚೌಡೇಶ ಕಾಕಾನಿಗೆ ಕುರ್ಚಿ ಹಾಕಿದ. ಕಾಕಾ ಕೂರಲಿಲ್ಲ, ನಿಂತೇ ಹೇಳಿದ. ಅಂಬುಬಾಯಿ ತನ್ನ ಪಾಲಿನದನ್ನು ಹೇಳಿದಳು. ಜಯಮಾಲಾ ಎಣ್ಣೆಯ ಕೈಯಲ್ಲಿ ಮಗಳ ಪಾದ ಹಿಡಿದುಕೊಂಡೇ ಎಲ್ಲ ಕೇಳಿದಳು. ಆಮೇಲೆ ಅವಳು ಕೇಳಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ.

"ಸಾಲ್ಯಾಗ ಎಲ್ಲಾ ಹುಡುಗ್ಯಾರು ಖೋಖೋ ಆಡುವಾಗ ನಾ ಕಟ್ಟಿ ಮ್ಯಾಲ ಕುಂತು ದೇವ್ರಿಗಿ ಬೈತಿದ್ದೆ. ಇಷ್ಟು ವರ್ಷ ಬೈದೀನಿ. ಅವನ್ದೇನೂ ತಪ್ಪಿದ್ದಿಲ್ಲೇನು ಮತ್ತ?"

ಅವಳು ಮಗಳನ್ನು ಎತ್ತಿಕೊಂಡು ಎದ್ದಳು. "ಈಗ ಹೋಗ್ರಿ," ಅಂದಳು. ಒರಟಾಗಿ ಅನ್ನಲಿಲ್ಲ. ನಾವು ಬಂದೆವು. ಎರಡು ದಿನ ಅವಳು ಕೂಸಿನ ಮನೆಯ ಕಡೆ ಸುಳಿಯಲಿಲ್ಲ, ತಾಯಿಯ ಮನೆಗೂ ಹೋಗಲಿಲ್ಲ. ಕಾಕಾ ಊಟ ಬಿಟ್ಟ. ಅವಳು ಬರದಿದ್ದರೆ ಆ ಕೋಣೆಗೆ ಬೀಗ ಹಾಕಿದರೂ ನನಗೆ ಒಂದೇ ಅಂದ. ಕಾಕು ಅವನ ಪಕ್ಕದಲ್ಲಿ ಕೂತು ತೊಗರಿ ಆರಿಸುತ್ತಿದ್ದಳು.

ಉದ್ಘಾಟನೆಯ ದಿನ ಹತ್ತಕ್ಕೆಲ್ಲ ಶಹಾಬಾದದಿಂದ ಅಧಿಕಾರಿಗಳು ಬಂದರು. ಬಾಗಿಲಿಗೆ ಕೆಂಪು ರಿಬ್ಬನ್, ಗೋಡೆಗೆ ಗಿಣಿ ಆನೆ ಬರೆಸಿದ್ದರು. ಏಳೆಂಟು ತಾಯಂದಿರು ಕೂಸುಗಳನ್ನು ಎತ್ತಿಕೊಂಡು ನಿಂತಿದ್ದರು. ಕಾಕಾ ಇಸ್ತ್ರಿಯ ಧೋತರ ಉಟ್ಟು ರಸ್ತೆಯನ್ನೇ ನೋಡುತ್ತಿದ್ದ. ಸುರೇಶಕುಮಾರ ಮೂರು ಸಲ, "ಟೈಮ್ ಆತ್ರಿ ಅಧ್ಯಕ್ಷರ," ಅಂದರು. ಮೂರು ಸಲವೂ ಕಾಕಾ, "ಜರಾ ತಡೀರಿ," ಅಂದ.

ಜಯಮಾಲಾ ಬಂದಳು. ಎಡಗಾಲು ಎಳೆಯುತ್ತ, ಕಂಕುಳಲ್ಲಿ ಮಗಳನ್ನು ಇಟ್ಟುಕೊಂಡು, ತರಬೇತಿಯಲ್ಲಿ ಕೊಟ್ಟ ಹಸಿರು ಸೀರೆ ಉಟ್ಟು ಬಂದಳು. ಕಾಕಾನನ್ನೂ ತಾಯಿಯನ್ನೂ ನೋಡಲಿಲ್ಲ. ಮಗಳನ್ನು ನನ್ನ ಕೈಗೆ ಕೊಟ್ಟು, ರಿಬ್ಬನ್ನಿನ ಕೆಳಗೆ ಬಾಗಿ ಒಳಗೆ ಹೋದಳು. ಅಧಿಕಾರಿಗಳು ಕತ್ತರಿ ಹಿಡಿದುಕೊಂಡು ಮುಖ ಮುಖ ನೋಡಿದರು.

ಒಳಗೆ ಅವಳು ಮೊಣಕಾಲೂರಿ ಕೂತಳು. ಬಾಗಿಲ ಪಕ್ಕದ ಮೊದಲನೆಯ ಕಲ್ಲನ್ನು ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಟ್ಟಳು. ಆಮೇಲೆ ಅದರ ಪಕ್ಕದ್ದು. ಹಾಸಿದ ಕಲ್ಲಿಗೆ ಟಣ್ ಅನ್ನುವ ದನಿ ಬರುವುದಿಲ್ಲ, ಕೆಳಗೆ ಗಾರೆ ಕೂತಿರುತ್ತದೆ, ಆದರೂ ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಅವಳಿಗೆ ಇದನ್ನು ಯಾರು ಕಲಿಸಿದ್ದರೋ. ಗೋಡೆಯಿಂದ ಗೋಡೆಗೆ, ಒಂದನ್ನೂ ಬಿಡದೆ, ಕಾಲು ಎಳೆದುಕೊಂಡು ಸರಿಯುತ್ತ ಬಡಿದಳು. ಮೈಕಿನವನು ಹಾಡು ನಿಲ್ಲಿಸಿದ. ಹೊರಗೆ ಮೂವತ್ತು ನಲವತ್ತು ಜನ ಬಗ್ಗಿ ನೋಡುತ್ತಿದ್ದರು. ಕಾಕಾ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ, ಅವನ ಪಕ್ಕದಲ್ಲಿ ಅಂಬುಬಾಯಿ ಸೆರಗು ಬಾಯಿಗಿಟ್ಟುಕೊಂಡಿದ್ದಳು.

ಕೊನೆಯ ಕಲ್ಲು ಮುಗಿಸಿ ಜಯಮಾಲಾ ಎದ್ದಳು. ಮೊದಲ ಸಲ ಕಾಕಾನ ಮುಖ ನೋಡಿದಳು.

"ಎಲ್ಲಾ ಛಲೋ ಅವ್ರಿ, ಸಾವ್ಕಾರ್ರ," ಅಂದಳು.

ನನ್ನ ಕೈಯಿಂದ ಮಗಳನ್ನು ಇಸಿದುಕೊಂಡು, ಕೋಣೆಯ ನಡುವೆ ಒಂದು ದುಪ್ಪಟಿ ಹಾಸಿ, ಅದರ ಮೇಲೆ ಮಲಗಿಸಿದಳು. ಕೂಸು ಒಂದು ಗಳಿಗೆ ಮೇಲೆ ನೋಡಿತು, ಮಗುಚಿಕೊಂಡಿತು, ದುಪ್ಪಟಿಯಿಂದ ಆಚೆ ಹರಿದು ಬಂದು ಎರಡೂ ಅಂಗೈಯಿಂದ ಕಲ್ಲು ಬಡಿಯತೊಡಗಿತು. ರಿಬ್ಬನ್ ಕತ್ತರಿಸುವುದನ್ನು ಎಲ್ಲರೂ ಮರೆತೆವು. ನಾನು ಬರೆದುಕೊಟ್ಟ ಎರಡು ಹಾಳೆಯ ಭಾಷಣ ಕಾಕಾನ ಜೇಬಿನಲ್ಲೇ ಉಳಿಯಿತು, ಅವನು ಧೋತರ ಎತ್ತಿ ಕಟ್ಟಿ ಆ ಕೂಸಿನ ಎದುರಿಗೆ ನೆಲದ ಮೇಲೆ ಕೂತಿದ್ದ.